ಲಾಳಿ ಹಿಡಿಯುವ ಮೊದಲು: ಇಳಕಲ್ಲಿನ ಕುಣಿಮಗ್ಗದಲ್ಲಿ ಕಲಿತದ್ದು

ಬಾಗಲಕೋಟೆ ಜಿಲ್ಲೆಯ ಇಳಕಲ್ ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವುದು ಸೀರೆ. ನಾನು ಅಲ್ಲಿನ ನೇಕಾರರ ಮನೆಯೊಂದರಲ್ಲಿ ಕಲಿಯಲು ಹೋದದ್ದು ಸೀರೆಯನ್ನಲ್ಲ. ಬಣ್ಣವಾಗಲಿ ದಡಿಯ ಕುಸುರಿಯಾಗಲಿ ಇಲ್ಲದ, ಮೈ ಒರೆಸಿಕೊಳ್ಳುವ ಸಾದಾ ಹತ್ತಿಯ ವಸ್ತ್ರವನ್ನು ನೇಯುವುದನ್ನು. ಸೀರೆಯ ಮಗ್ಗವನ್ನು ಹೊಸಬರ ಕೈಗೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಆ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರ ಮೇಲೆ ಮನೆಯ ಹಿರಿಯರಾದ ಅಜ್ಜ ಈಗಲೂ ಸೀರೆ ನೇಯುತ್ತಾರೆ. ಇನ್ನೊಂದರ ಮೇಲೆ ಕೂರುತ್ತಿದ್ದ ಮಗ ಊರಿನ ಗ್ರಾನೈಟ್ ಕೆಲಸಕ್ಕೆ ಹೋಗತೊಡಗಿದ ಮೇಲೆ ಅದು ಖಾಲಿ ಬಿದ್ದಿತ್ತು. ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನಾನು, ಇಳಕಲ್ಲಿನಲ್ಲೇ ಇರುವ ನನ್ನ ತಂಗಿಯ ಮನೆಯಲ್ಲಿ ಉಳಿದುಕೊಂಡು, ರಜೆ ಸಿಕ್ಕಾಗಲೆಲ್ಲ ಆ ಖಾಲಿ ಮಗ್ಗದ ಮುಂದೆ ಕೂರುವುದೆಂದು ಮಾತಾಯಿತು.

ಮಗ್ಗದ ಮುಂದೆ ಕೂರುವುದು ಎಂದು ಬರೆದೆನಾದರೂ, ಕೂರುವ ಹೊತ್ತು ಬಂದದ್ದು ಬಹಳ ತಡವಾಗಿ. ಮೊದಲ ದಿನವೇ ಅಜ್ಜ ನಕ್ಕು ಹೇಳಿದ್ದರು: "ತಂಗಿ, ನೀ ಮಗ್ಗಕ್ಕ ಯಾವಾಗ ಕೂಡಬೇಕು ಅನ್ನೂದು ನಾ ಹೇಳಾವಲ್ಲ, ಉಂಕಿ ಹೇಳತೈತಿ." ಗಂಜಿ ಹಚ್ಚಿ, ಎಳೆ ಎಳೆಯಾಗಿ ಬಿಡಿಸಿ, ನೇಯ್ಗೆಗೆ ಸಿದ್ಧವಾದ ಹಾಸನ್ನು, ಎಂದರೆ ಬಟ್ಟೆಯ ಉದ್ದಕ್ಕೆ ಹೋಗುವ ಎಳೆಗಳನ್ನು, ಆ ಕಡೆ ಉಂಕಿ ಎನ್ನುತ್ತಾರೆ. ಅದು ಸಿದ್ಧವಾಗುವವರೆಗೆ ಮಗ್ಗ ಬರಿಯ ಮರದ ಸಾಮಾನು. ನನಗೆ ನೇಯ್ಗೆಯ ಬಹುಭಾಗವನ್ನು ಕಲಿಸಿದವರು ಮಗ್ಗದ ಮೇಲೆ ಕೂತಿದ್ದ ಅಜ್ಜನಲ್ಲ. ಅಂಗಳದಲ್ಲಿ, ಪಡಸಾಲೆಯಲ್ಲಿ, ಬೆಳಗಿನ ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಅಜ್ಜಿ ಮತ್ತು ಸೊಸೆ. ಇದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಬರಹದಲ್ಲಿ ಅಡ್ಡ ನೂಲನ್ನು ಹೊತ್ತೊಯ್ಯುವ ಲಾಳಿ ಓಡುವ ಸದ್ದು ಕೇಳಬೇಕೆಂದು ಕಾಯುವವರು ಸ್ವಲ್ಪ ತಾಳಬೇಕಾಗುತ್ತದೆ.

ಮೊದಲ ಪ್ರಶ್ನೆ ನೂಲಿನದು. ಅಂಗಡಿಯಲ್ಲಿ ಹತ್ತಿಯ ನೂಲನ್ನು ನಂಬರಿನಿಂದ ಕೇಳುತ್ತಾರೆ. ಆ ನಂಬರಿನ ಲೆಕ್ಕ ಹೀಗಿದೆ: 840 ಗಜದ ನೂಲನ್ನು ಒಂದು ಲಡಿ ಎಂದು ಹಿಡಿದು, ಒಂದು ಪೌಂಡು, ಎಂದರೆ ಸುಮಾರು 454 ಗ್ರಾಂ ತೂಕಕ್ಕೆ ಅಂಥ ಎಷ್ಟು ಲಡಿಗಳು ಬೇಕಾಗುತ್ತವೆಯೋ ಅದೇ ನೂಲಿನ ನಂಬರು. ಆದ್ದರಿಂದ ನಂಬರು ಏರಿದಂತೆ ನೂಲು ಸಣ್ಣದಾಗುತ್ತದೆ. ನನಗಾಗಿ ಅಜ್ಜ ಆರಿಸಿದ್ದು 20ನೇ ನಂಬರಿನ ಒಂಟಿ ಎಳೆಯ ನೂಲು. ಅದರ ಒಂದು ಪೌಂಡಿನಲ್ಲಿ 16,800 ಗಜ ಉದ್ದದ ನೂಲಿರುತ್ತದೆ. ಅದಕ್ಕಿಂತ ದಪ್ಪದ ನೂಲು ಕೊಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಎರಡೆಳೆ ಹುರಿ ಹಾಕಿದ ನೂಲನ್ನು ಕೊಟ್ಟಿದ್ದರೆ ಗಂಜಿ ಹಚ್ಚುವ ಕೆಲಸವೇ ತಪ್ಪುತ್ತಿತ್ತು, ಏಕೆಂದರೆ ಹುರಿಯಾದ ನೂಲು ಹಣಿಗೆಯ, ಎಂದರೆ ಎಳೆಗಳು ಹಾಯುವ ಬಾಚಣಿಗೆಯಂಥ ಸಾಧನದ, ತಿಕ್ಕಾಟವನ್ನು ತಾನಾಗಿಯೇ ತಾಳಿಕೊಳ್ಳುತ್ತದೆ. ಆ ಕೆಲಸ ತಪ್ಪಬಾರದೆಂದೇ ಅವರು ಒಂಟಿ ಎಳೆಯನ್ನು ಆರಿಸಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ಬಟ್ಟೆಯ ಅಗಲವನ್ನಾಗಲಿ ಸಾಂದ್ರತೆಯನ್ನಾಗಲಿ ನಾನು ನಿರ್ಧರಿಸಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಹಣಿಗೆ ನಿರ್ಧರಿಸಿತು. ಹಿಂದೆ ಅದೇ ಮನೆಯಲ್ಲಿ ವಸ್ತ್ರ ನೇಯುತ್ತಿದ್ದ ಕಾಲದ ಹಣಿಗೆ ಅದು. ಕೊನೆಯ ಹಾಸು ಮುಗಿದಾಗ ಎಳೆಗಳ ತುದಿಯನ್ನು ಪೂರ್ತಿ ಎಳೆದುಬಿಡದೆ, ಹಣಿಗೆಯ ಹಲ್ಲುಗಳಲ್ಲೂ ಅದರ ಹಿಂದೆ ಎಳೆಗಳನ್ನು ಏರಿಳಿಸುವ ಅಣಿಗಳ ಕಣ್ಣುಗಳಲ್ಲೂ ಸಿಕ್ಕಿಸಿದಂತೆಯೇ ಗಂಟು ಕಟ್ಟಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಹೊಸ ಹಾಸಿನ ಪ್ರತಿ ಎಳೆಯನ್ನೂ ಆ ಹಳೆಯ ತುದಿಗೆ ಸೇರಿಸಿ ಎಳೆದುಕೊಂಡರೆ, ಸಾವಿರ ಎಳೆಗಳನ್ನು ಮತ್ತೆ ಹೊಸದಾಗಿ ಪೋಣಿಸುವ ಶ್ರಮ ಉಳಿಯುತ್ತದೆ. ಈ ಹಣಿಗೆಯ ಅಗಲ 26 ಇಂಚು, ಇಂಚಿಗೆ 20 ಹಲ್ಲುಗಳ ಸಂದು, ಒಂದೊಂದು ಸಂದಿನಲ್ಲಿ ಎರಡೆರಡು ಎಳೆ. ಅಲ್ಲಿಗೆ 1,040 ಎಳೆಗಳಾದವು. ಎರಡೂ ಅಂಚು ಗಟ್ಟಿಯಾಗಿರಲೆಂದು ಅಲ್ಲಿ ಜೋಡಿ ಹಾಕಿದವನ್ನೂ ಸೇರಿಸಿದರೆ 1,060. ಹನ್ನೆರಡು ಮೀಟರು ಉದ್ದದ ಹಾಸು ಹೂಡುವುದೆಂದು ಗೊತ್ತುಮಾಡಿದ ಮೇಲೆ ನನ್ನ ಕಸುಬಿನ ಬುದ್ಧಿ ಸುಮ್ಮನಿರದೆ ಲೆಕ್ಕ ಹಾಕಿತು: ಹಾಸಿಗೇ ಹನ್ನೆರಡೂಮುಕ್ಕಾಲು ಕಿಲೋಮೀಟರು ನೂಲು ಬೇಕು, ಅದರ ತೂಕ ಮಾತ್ರ ನಾನೂರು ಗ್ರಾಮಿಗೂ ಕಡಿಮೆ. ಅಷ್ಟು ಹಗುರವಾದ ವಸ್ತುವಿನ ಮೇಲೆ ಎಷ್ಟು ಕೈಕೆಲಸ ಕೂರುತ್ತದೆ ಎಂಬುದು ಆಗ ನನ್ನ ಲೆಕ್ಕಕ್ಕೆ ಸಿಗಲಿಲ್ಲ.

ಹಾಸು ಹೂಡುವುದನ್ನು ಅಜ್ಜಿ ಕಲಿಸಿದರು. ಈಗ ಊರಿನಲ್ಲಿ ಹಾಸು ಸುತ್ತಿಕೊಡುವ ಯಂತ್ರಗಳಿವೆ. ಹೆಚ್ಚಿನ ನೇಕಾರರು ಅಲ್ಲಿಂದಲೇ ತರುತ್ತಾರೆ. ನನ್ನದು ಸಣ್ಣ ಹಾಸಾದ್ದರಿಂದ, ಗೋಡೆಗೆ ಬಡಿದಿದ್ದ ಹಳೆಯ ಮರದ ಗೂಟಗಳ ಮೇಲೆಯೇ ಆಗಲಿ ಎಂದರು. ರಾತ್ರಿಯಿಡೀ ನೆನೆಸಿ, ಹಿಂಡಿ, ನೆರಳಿನಲ್ಲಿ ಒಣಗಿಸಿದ ಲಡಿಗಳಿಂದ ನೂಲನ್ನು ದೊಡ್ಡ ಉರುಳೆಗಳಿಗೆ ಸುತ್ತಿಕೊಂಡು, ಅಲ್ಲಿಂದ ಗೂಟದಿಂದ ಗೂಟಕ್ಕೆ ಎಳೆಯುತ್ತಾ ಹೋಗಬೇಕು. ಕೊನೆಯ ಎರಡು ಗೂಟಗಳ ನಡುವೆ ಮಾತ್ರ ಒಂದು ವಿಶೇಷವಿದೆ. ಅಲ್ಲಿ ಹೋಗುವಾಗ ಒಂದು ಎಳೆ ಗೂಟದ ಮೇಲಿನಿಂದ ಹೋದರೆ ಮುಂದಿನ ಎಳೆ ಕೆಳಗಿನಿಂದ ಹೋಗಬೇಕು. ಹೀಗೆ ಎಳೆಗಳು ಒಂದನ್ನೊಂದು ಕತ್ತರಿಸಿ ಹಾಯುತ್ತವೆ. ಹಾಸನ್ನು ಗೂಟಗಳಿಂದ ಬಿಚ್ಚುವ ಮೊದಲು ಈ ಕತ್ತರಿಯೊಳಗೆ ಎರಡು ತೆಳು ಕೋಲುಗಳನ್ನು ತೂರಿಸಿ ಕಟ್ಟಿಬಿಟ್ಟರೆ, ಆಮೇಲೆ ಹಾಸು ಎಷ್ಟೇ ಅಲುಗಿದರೂ ಎಳೆಗಳ ಸರದಿ ಕೆಡುವುದಿಲ್ಲ. ಸಾವಿರ ಎಳೆಗಳಲ್ಲಿ ಆರುನೂರ ಹನ್ನೆರಡನೆಯದು ಯಾವುದು ಎಂದು ಯಾರೂ ಎಣಿಸುವುದಿಲ್ಲ; ಕೋಲುಗಳ ಹತ್ತಿರ ಹೋಗಿ ಅದರ ನೆರೆಯವು ಯಾವುವು ಎಂದು ನೋಡುತ್ತಾರೆ. ನೇಯ್ಗೆಯಲ್ಲಿ ನಾನು ಕಂಡ ಅತ್ಯಂತ ಜಾಣ ಉಪಾಯ ಇದೇ. ಮಗ್ಗದ ಬಗ್ಗೆ ಬರೆಯುವವರು ಲಾಳಿಯನ್ನು ಹೊಗಳುತ್ತಾರೆ, ಈ ಎರಡು ಕೋಲುಗಳನ್ನು ಯಾರೂ ಹೊಗಳಿದ್ದನ್ನು ನಾನು ನೋಡಿಲ್ಲ.

ಗೂಟಗಳ ಮುಂದೆ ಅತ್ತಿಂದಿತ್ತ ನಡೆಯುವಾಗ ಕಲಿಯಬೇಕಾದದ್ದು ಒಂದೇ, ಎಳೆತದ ಸಮತೆ. ಬೆಳಗ್ಗೆ ಕೈ ಬಿಗಿಯಾಗಿ ಎಳೆಯುತ್ತದೆ, ದಣಿದ ಮೇಲೆ ಸಡಿಲ ಬಿಡುತ್ತದೆ. ಎರಡೂ ಒಂದೇ ಹಾಸಿನಲ್ಲಿ ಸೇರಿದರೆ, ಬಿಗಿಯಾದ ಎಳೆಗಳು ಮಗ್ಗದ ಮೇಲೆ ಮೊದಲು ಹರಿಯುತ್ತವೆ, ಸಡಿಲವಾದವು ಜೋತುಬಿದ್ದು ಲಾಳಿಯ ದಾರಿಗೆ ಅಡ್ಡ ಬರುತ್ತವೆ. ನಾನು ಎಳೆಗಳ ಲೆಕ್ಕ ತಪ್ಪಬಾರದೆಂದು ಬಾಯಲ್ಲಿ ಎಣಿಸುತ್ತಾ ಸುತ್ತುವುದನ್ನು ಕಂಡ ಸೊಸೆ, "ಅಕ್ಕಾರ, ಎಣಸೂದು ಆಮ್ಯಾಲ ಮಾಡೂಣ್ರಿ, ಮದಲ ಕೈಯಾಗ ಹಿಡದು ನೋಡ್ರಿ" ಎಂದಳು. ನಲವತ್ತು ಎಳೆಗಳಾದೊಡನೆ ಒಂದು ಬಣ್ಣದ ದಾರವನ್ನು ಸುತ್ತಿ ಗುರುತು ಮಾಡಿಬಿಟ್ಟರೆ ಎಣಿಕೆಯ ಭಾರ ಬಾಯಿಯಿಂದ ಇಳಿಯುತ್ತದೆ. ಮನಸ್ಸು ಪೂರ್ತಿಯಾಗಿ ಬೆರಳುಗಳಿಗೆ ಹೋಗುತ್ತದೆ.

ಗಂಜಿಯ ಕೆಲಸ ನಡೆಯುವುದು ಬೀದಿಯಲ್ಲಿ, ಬಿಸಿಲೇರುವ ಮೊದಲು. ಹನ್ನೆರಡು ಮೀಟರು ಹಾಸನ್ನು ಚಾಚಲು ಮನೆಯೊಳಗೆ ಜಾಗವಿರುವುದಿಲ್ಲ. ನಸುಕಿನಲ್ಲಿ ಬೀದಿಯ ಎರಡು ತುದಿಗಳಲ್ಲಿ ಕವೆಗೋಲುಗಳನ್ನು ಊರಿ, ಹಾಸನ್ನು ಸೊಂಟದ ಎತ್ತರಕ್ಕೆ ಬಿಗಿಯಾಗಿ ಕಟ್ಟಿ, ಅಗಲಕ್ಕೆ ಹರಡಿ, ಕತ್ತರಿಯ ಕೋಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತಾ ಅಂಟಿದ ಎಳೆಗಳನ್ನು ಬಿಡಿಸಬೇಕು. ಆ ಮನೆಯಲ್ಲಿ ಗಂಜಿಗೆ ಅಕ್ಕಿಯ ಹಿಟ್ಟನ್ನು ತೆಳ್ಳಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಕೊಬ್ಬರಿ ಎಣ್ಣೆ ಬೆರೆಸುತ್ತಿದ್ದರು. ಗಂಜಿ ಮಾತ್ರ ಇದ್ದರೆ ಎಳೆ ಒಣಗಿ ಮುರುಕಲಾಗುತ್ತದೆ. ಎಣ್ಣೆ ಅದನ್ನು ಬಾಗುವಂತೆ ಇಡುತ್ತದೆ. ಎಣ್ಣೆ ಹೆಚ್ಚಾದರೆ ಗಂಜಿ ಹಿಡಿಯುವುದಿಲ್ಲ. ಅಳತೆ ಎಷ್ಟು ಎಂದು ಕೇಳಿದಾಗ ಅಜ್ಜಿ ಬೊಗಸೆಯನ್ನು ತೋರಿಸಿದರು, ಅವರ ಬೊಗಸೆ ನನ್ನದಕ್ಕಿಂತ ಚಿಕ್ಕದು.

ಗಂಜಿಯಲ್ಲಿ ಅದ್ದಿದ ಬಟ್ಟೆಯಿಂದ ಹಾಸನ್ನು ತೋಯಿಸಿ, ಅದು ಒಣಗುವವರೆಗೂ ಉದ್ದನೆಯ ಕುಂಚದಿಂದ ಒಂದೇ ದಿಕ್ಕಿಗೆ ಬಾಚುತ್ತಲೇ ಇರಬೇಕು. ಎಳೆಯ ಮೈಮೇಲೆ ಎದ್ದು ನಿಂತಿರುವ ಹತ್ತಿಯ ನವಿರುಗಳು ಆಗ ಮಲಗಿ ಅಂಟಿಕೊಳ್ಳುತ್ತವೆ. ಎಳೆ ದುಂಡಗೆ, ನುಣ್ಣಗೆ ಆಗುತ್ತದೆ. ಕುಂಚ ಹಿಂದುಮುಂದಾಗಿ ಆಡಿದರೆ ಅದೇ ನವಿರುಗಳು ಮತ್ತೆ ಏಳುತ್ತವೆ. ಈ ಕೆಲಸಕ್ಕೆ ಇಬ್ಬರಾದರೂ ಬೇಕು, ಮೂವರಿದ್ದರೆ ಒಳ್ಳೆಯದು; ಆ ಬೆಳಗ್ಗೆ ಎದುರು ಮನೆಯವರೂ ಕೇಳದೆಯೇ ಬಂದು ಒಂದು ಬದಿ ಹಿಡಿದರು. ಹಾಲಿನವನ ಬೈಕು ಬಂದಾಗ ಹಾಸನ್ನು ಎತ್ತಿ ಹಿಡಿದು ಅವನನ್ನು ಕೆಳಗಿನಿಂದ ದಾಟಿಸಿದೆವು. ಬಿಸಿಲು ಬಿದ್ದ ಮೇಲೆ ಗಂಜಿ ಬೇಗನೆ ಒಣಗಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಾಳಿ ಎದ್ದರೆ ಬೀದಿಯ ದೂಳು ಕೂರುತ್ತದೆ, ಮೋಡವಿದ್ದರೆ ಒಣಗುವುದೇ ಇಲ್ಲ. ಬಯಲುಸೀಮೆಯ ಈ ಊರಿನಲ್ಲಿ ಗಂಜಿಗೆ ಒಪ್ಪುವ ಹೊತ್ತು ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಸಿಗುವುದಿಲ್ಲ.

ಆಮೇಲಿನದು ಕೆಚ್ಚುವ ಕೆಲಸ. ಅಟ್ಟದಿಂದ ಇಳಿಸಿದ ಹಣಿಗೆ ಮತ್ತು ಅಣಿಗಳನ್ನು ಮಗ್ಗಕ್ಕೆ ಕಟ್ಟಿ, ಅವುಗಳ ಹಿಂದೆ ಜೋತುಬಿದ್ದಿರುವ ಹಳೆಯ ಎಳೆಯ ತುದಿಯನ್ನೂ ಹೊಸ ಹಾಸಿನ ಎಳೆಯ ತುದಿಯನ್ನೂ ಒಟ್ಟಿಗೆ ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು, ಹೊಸೆದ ತುದಿಯನ್ನು ಮಡಿಸಿ ಮತ್ತೆ ಹೊಸೆಯಬೇಕು. ಗಂಟು ಹಾಕುವುದಿಲ್ಲ, ಗಂಟು ಹಾಕಿದರೆ ಅಣಿಯ ಕಣ್ಣಿನಲ್ಲೂ ಹಣಿಗೆಯ ಸಂದಿನಲ್ಲೂ ಸಿಕ್ಕಿಕೊಳ್ಳುತ್ತದೆ. ಬೆರಳು ಜಾರದಿರಲೆಂದು ಪಕ್ಕದಲ್ಲಿ ಒಂದು ಚಿಟಿಕೆ ಬೂದಿ ಇಟ್ಟುಕೊಂಡಿರುತ್ತಾರೆ. ಸೊಸೆಯ ಕೈಯಲ್ಲಿ ಒಂದು ಎಳೆ ಸೇರಲು ಹಿಡಿಯುತ್ತಿದ್ದ ಸಮಯವನ್ನು ನಾನು ಅಳೆಯಲು ಹೋಗಲಿಲ್ಲ, ಕಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ. ಅವಳು ಮಗುವಿಗೆ ಪಾಠ ಹೇಳಿಕೊಡುತ್ತಾ, ಒಲೆಯ ಮೇಲಿನ ಸಾರಿನ ಕಡೆ ಒಂದು ಕಣ್ಣಿಟ್ಟು ಕೆಚ್ಚುತ್ತಿದ್ದಳು. ನಾನು ಮಾತು ನಿಲ್ಲಿಸಿ, ಉಸಿರು ಬಿಗಿಹಿಡಿದು ಕೆಚ್ಚಿದ ಎಳೆಗಳಲ್ಲೂ ಕೆಲವು ಎಳೆದೊಡನೆ ಬಿಟ್ಟುಕೊಳ್ಳುತ್ತಿದ್ದವು. ಹೊಸೆತದ ದಿಕ್ಕು ನೂಲಿನ ಸಹಜ ಹುರಿಯ ದಿಕ್ಕಿಗೇ ಇರಬೇಕೆಂಬುದನ್ನು ಬೆರಳು ತಾನಾಗಿ ಅರಿತುಕೊಂಡ ಮೇಲೆ ಅವು ನಿಂತವು. ಎಲ್ಲ ಎಳೆಗಳೂ ಸೇರಿದ ಮೇಲೆ ಅಜ್ಜ ಮುಂದಿನಿಂದ ಹಳೆಯ ತುದಿಗಳನ್ನು ಹಿಡಿಹಿಡಿಯಾಗಿ, ಬಹಳ ನಿಧಾನವಾಗಿ ಎಳೆದರು. ಹೊಸ ಹಾಸು ಅಣಿಗಳ ಕಣ್ಣುಗಳನ್ನೂ ಹಣಿಗೆಯನ್ನೂ ದಾಟಿ ಈಚೆಗೆ ಬಂತು.

ಈಗ ಮಗ್ಗದ ಮಾತು. ಕುಣಿಮಗ್ಗವೆಂದರೆ ನೆಲದಲ್ಲಿ ಒಂದು ಕುಣಿ, ಅದರ ಅಂಚಿನಲ್ಲಿ ನೆಲಮಟ್ಟಕ್ಕೆ ನೇಕಾರನ ಆಸನ, ಕುಣಿಯೊಳಗೆ ಇಳಿಬಿಟ್ಟ ಕಾಲುಗಳ ಕೆಳಗೆ ಎರಡು ಕಾಲುಮಣೆಗಳು. ಕಾಲುಮಣೆಗಳಿಂದ ಹಗ್ಗ ಅಣಿಗಳಿಗೆ ಹೋಗಿರುತ್ತದೆ. ಬಲಗಾಲು ಒತ್ತಿದರೆ ಒಂದು ಅಣಿ ಇಳಿದು ಇನ್ನೊಂದು ಏರುತ್ತದೆ. ಸಮ ಎಳೆಗಳು ಕೆಳಗೆ, ಬೆಸ ಎಳೆಗಳು ಮೇಲೆ, ನಡುವೆ ಲಾಳಿಗೆ ದಾರಿ. ಎಡಗಾಲು ಒತ್ತಿದರೆ ಅದರ ತಿರುವುಮುರುವು. ನೇಯ್ದ ಬಟ್ಟೆ ನೇಕಾರನ ಮಡಿಲ ಮುಂದಿನ ದಿಂಡಿಗೆ ಸುತ್ತಿಕೊಳ್ಳುತ್ತದೆ. ಹಾಸಿನ ಆ ಕಡೆಯ ತುದಿಗೆ ಕಟ್ಟಿದ ಹಗ್ಗ ದೂರದ ಕಂಬವನ್ನು ಬಳಸಿ ಮತ್ತೆ ನೇಕಾರನ ಬಲಗೈ ಬಳಿಗೇ ಬಂದು ಗೂಟಕ್ಕೆ ಬಿಗಿದಿರುತ್ತದೆ. ಬಟ್ಟೆ ಸುತ್ತಿಕೊಂಡಷ್ಟು ಹಗ್ಗವನ್ನು ಕೂತಲ್ಲಿಂದಲೇ ಸಡಿಲಿಸಬಹುದು. ಒಂದೆರಡು ಮೊಳೆ ಬಿಟ್ಟರೆ ಇದರಲ್ಲಿ ಇರುವುದೆಲ್ಲ ಮರ, ಬಿದಿರು, ಹಗ್ಗ. ನೆಲದಲ್ಲಿ ಕುಣಿ ತೋಡುವುದಕ್ಕೆ ಕಾಲಿಗೆ ಜಾಗ ಮಾಡುವುದೊಂದೇ ಕಾರಣವಲ್ಲ. ತೇವವಿದ್ದಾಗ ಹತ್ತಿಯ ನೂಲು ಗಟ್ಟಿ, ಒಣಗಿದಾಗ ದುರ್ಬಲ. ನೆಲದ ಹತ್ತಿರ, ಕುಣಿಯ ತಂಪಿನ ಮೇಲೆ ಹಾಸು ಚಾಚಿಕೊಂಡಿದ್ದರೆ ಎಳೆಗಳು ಕಡಿಮೆ ಹರಿಯುತ್ತವೆ. ಬೇಸಿಗೆಯಲ್ಲಿ ಆ ಮನೆಯವರು ಬೆಳಗ್ಗೆ ಕುಣಿಯೊಳಗೆ ನೀರು ಚಿಮುಕಿಸಿ, ಹಾಸಿನ ಕೆಳಗೆ ಒದ್ದೆ ಗೋಣಿಚೀಲ ಹಾಸುತ್ತಿದ್ದರು.

ಹೊಕ್ಕಿನ, ಎಂದರೆ ಅಡ್ಡಕ್ಕೆ ಹಾಯುವ ನೂಲನ್ನು ರಾಟೆಯಲ್ಲಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ಸುತ್ತುವುದು ಮಕ್ಕಳ ಕೆಲಸವೆಂದು ಎಲ್ಲರೂ ಹೇಳುತ್ತಾರೆ, ಮಾಡಿ ನೋಡಿದವರು ಹಾಗೆ ಹೇಳಲಾರರು. ಕಂಡಿಕೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ ಇರಬೇಕು. ಆಗ ಮಾತ್ರ ಲಾಳಿ ಓಡುವಾಗ ನೂಲು ತುದಿಯಿಂದ ತಡೆಯಿಲ್ಲದೆ ಜಾರಿಬರುತ್ತದೆ. ಮೆತ್ತಗೆ ಸುತ್ತಿದ ಕಂಡಿಕೆಯಿಂದ ನೂಲು ಒಮ್ಮೆಲೇ ಸುರುಳಿಯಾಗಿ ಕಳಚುತ್ತದೆ, ಆ ಸುರುಳಿ ಬಟ್ಟೆಯಲ್ಲಿ ಕುಣಿಕೆಯಾಗಿ ಉಳಿಯುತ್ತದೆ. ರಾಟೆಯ ಮುಂದೆ ನನ್ನ ಗುರು ಅಜ್ಜಿಯ ಮೊಮ್ಮಗಳು, ಐದನೆಯ ಇಯತ್ತೆಯ ಹುಡುಗಿ. ನನಗೆ ಆ ಕೆಲಸ ಬಂತೆಂದು ಅವಳು ಕೊನೆಯವರೆಗೂ ಒಪ್ಪಲಿಲ್ಲ.

ಕುಣಿಯಲ್ಲಿ ಕಾಲಿಟ್ಟು ಕೂತಾಗ ಅಜ್ಜ ಲಾಳಿ ಕೊಡಲಿಲ್ಲ. ಬರಿಯ ಕಾಲಾಡಿಸು ಎಂದರು. "ಕೈಗಿಂತ ಮದಲ ಕಾಲು ಕಲೀಬೇಕ ತಂಗಿ, ಕೈ ಅದರ ಬೆನ್ನ ಹತ್ತತೈತಿ." ಕಾಲುಮಣೆಯನ್ನು ಅರೆಬರೆ ಒತ್ತಿದರೆ ಎಳೆಗಳ ನಡುವಿನ ದಾರಿ ಪೂರ್ತಿ ತೆರೆಯದೆ, ಕೆಲವು ಎಳೆಗಳು ನಡುವಿನಲ್ಲೇ ನಿಂತುಬಿಡುತ್ತವೆ, ಲಾಳಿ ಅವುಗಳ ತಪ್ಪು ಬದಿಯಿಂದ ಹಾಯುತ್ತದೆ. ಆಗ ಬಟ್ಟೆಯಲ್ಲಿ ಎಳೆ ತೇಲುತ್ತದೆ. ಜೋರಾಗಿ ತುಳಿದರೆ ಎಳೆಗಳ ಮೇಲೆ ಎಳೆತ ಬಿದ್ದು ಹರಿಯುತ್ತವೆ. ಕಾಲು ಪೂರ್ತಿ ಇಳಿಯಬೇಕು, ಆದರೆ ಬೀಳಬಾರದು. ಆಮೇಲೆ ಲಾಳಿ ಬಂತು. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ರೂಪಿಸಿದ, ಹಿಡಿಕೆ ಎಳೆದರೆ ತಾನೇ ಓಡುವ ಲಾಳಿಯ ಏರ್ಪಾಡು ನಮ್ಮ ಬಹುಪಾಲು ಕೈಮಗ್ಗಗಳಿಗೆ ಬಂದು ಬಹಳ ಕಾಲವಾಗಿದೆ. 26 ಇಂಚು ಅಗಲದ ಈ ಮಗ್ಗಕ್ಕೆ ಅದು ಬೇಕಿರಲಿಲ್ಲ. ಬಲಗೈಯಿಂದ ಎಸೆದು ಎಡಗೈಯಲ್ಲಿ ಹಿಡಿಯುವ ಹಳೆಯ ಪದ್ಧತಿಯೇ ಸಾಕಾಯಿತು. ಎಸೆತದಲ್ಲಿ ಬಲ ಬೇಕಿಲ್ಲ, ನೇರ ಬೇಕು. ಲಾಳಿ ಕೆಳಗಿನ ಎಳೆಗಳ ಮೇಲೆ ಜಾರಿಕೊಂಡು ಹೋಗಬೇಕು. ಮೂತಿ ಸ್ವಲ್ಪ ಕೆಳಗಾದರೂ ಎಳೆಗಳ ನಡುವೆ ಧುಮುಕಿ ಕುಣಿಗೆ ಬೀಳುತ್ತದೆ.

ಲಾಳಿ ಹಾದ ಮೇಲೆ ಹೊಕ್ಕಿನ ಎಳೆಯನ್ನು ಹಣಿಗೆಯಿಂದ ಬಡಿದು ಕೂರಿಸಬೇಕು. ಒಂದು ಇಂಚಿಗೆ ಮೂವತ್ತಾರು ಹೊಕ್ಕು ಎಂದು ನನಗೆ ಅಳತೆ ಕೊಟ್ಟಿದ್ದರು; ಹಾಗೆಂದರೆ ಒಂದು ಮೀಟರು ಬಟ್ಟೆಗೆ 1,400ಕ್ಕೂ ಹೆಚ್ಚು ಸಲ ಕಾಲು, ಲಾಳಿ, ಬಡಿತ. ಈ ಬಡಿತ ಒಂದೇ ತೂಕದ್ದಾಗಿರಬೇಕು. ಗಟ್ಟಿಯಾಗಿ ಬಡಿದಲ್ಲಿ ಬಟ್ಟೆ ದಟ್ಟವಾಗುತ್ತದೆ, ಮೆಲ್ಲಗೆ ಬಡಿದಲ್ಲಿ ಜಾಳಾಗುತ್ತದೆ. ಬೆಳಕಿಗೆ ಹಿಡಿದರೆ ಅಡ್ಡಪಟ್ಟಿಗಳು ಕಾಣುತ್ತವೆ. ಪಟ್ಟಿಗಳಿಗೆ ಇನ್ನೊಂದು ಕಾರಣವೂ ಇದೆ, ಅದನ್ನು ತಿಳಿಯಲು ನನಗೆ ಹೊತ್ತು ಹಿಡಿಯಿತು. ಊಟಕ್ಕೆದ್ದು ಬಂದು ಮತ್ತೆ ಕೂತಾಗ, ಅಷ್ಟು ಹೊತ್ತು ಬಿಗಿಯಲ್ಲೇ ನಿಂತಿದ್ದ ಹಾಸು ಸ್ವಲ್ಪ ಹಿಗ್ಗಿರುತ್ತದೆ. ಮೊದಲ ಕೆಲವು ಬಡಿತಗಳು ಮೊದಲಿನಂತೆ ಕೂರುವುದಿಲ್ಲ. ಅದಕ್ಕೇ ಅಜ್ಜ ಏಳುವಾಗಲೆಲ್ಲ ಬಲಗೈ ಬಳಿಯ ಹಗ್ಗವನ್ನು ಒಂದಿಷ್ಟು ಸಡಿಲಿಸಿ ಏಳುತ್ತಿದ್ದರು, ಮರಳಿ ಕೂತು ಮೊದಲು ಅದನ್ನು ಬಿಗಿದು, ಹಾಸನ್ನು ಅಂಗೈಯಿಂದ ತಟ್ಟಿ ನೋಡುತ್ತಿದ್ದರು. ಈ ತಟ್ಟುವಿಕೆ ಯಾವ ಪಾಠದಲ್ಲೂ ಬರಲಿಲ್ಲ. ನೋಡಿಯೇ ಕದಿಯಬೇಕಾಯಿತು.

ಹೊಸಬರ ಬಟ್ಟೆಯನ್ನು ಗುರುತಿಸಲು ಅಂಚು ಸಾಕು. ಲಾಳಿ ತಿರುಗಿ ಬರುವಾಗ ನೂಲನ್ನು ಬಿಗಿಯಾಗಿ ಎಳೆದರೆ ಅಂಚಿನ ಎಳೆಗಳು ಒಳಕ್ಕೆ ಬರುತ್ತವೆ, ಬಟ್ಟೆ ನಡುವಿನಲ್ಲಿ ಸೊಂಟ ಕಟ್ಟಿದಂತೆ ಕಿರಿದಾಗುತ್ತದೆ. ಆಗ ಅಂಚಿನ ಎಳೆಗಳು ಹಣಿಗೆಯ ಹಲ್ಲಿಗೆ ಓರೆಯಾಗಿ ತಿಕ್ಕಿ ಹರಿಯುತ್ತವೆ. ಸಡಿಲ ಬಿಟ್ಟರೆ ಅಂಚಿನಲ್ಲಿ ಕುಣಿಕೆಗಳು ಜೋತಾಡುತ್ತವೆ. ಹೊಕ್ಕನ್ನು ನೇರವಾಗಿ ಬಿಗಿಯದೆ, ಸ್ವಲ್ಪ ಓರೆಯಾಗಿ ಬಿಟ್ಟು ಬಡಿದರೆ ಅದು ಮೇಲೆ ಕೆಳಗೆ ಬಳುಕಿ ಕೂರಲು ಬೇಕಾದಷ್ಟು ಉದ್ದ ಸಿಗುತ್ತದೆ. ಇದಲ್ಲದೆ ಎರಡೂ ತುದಿಗೆ ಮುಳ್ಳಿರುವ ಬಿದಿರಿನ ಕೋಲನ್ನು ಬಟ್ಟೆಗೆ ಚುಚ್ಚಿ ಅಗಲವನ್ನು ಹಿಡಿದಿಡುತ್ತಾರೆ. ಎರಡು ಮೂರು ಇಂಚು ನೇಯ್ದಾಗಲೆಲ್ಲ ಅದನ್ನು ಕಿತ್ತು ಮುಂದಕ್ಕೆ ಚುಚ್ಚಬೇಕು. ಅದು ಬೇಸರದ ಕೆಲಸವೆಂದು ನಾನು ಆರಿಂಚಿಗೊಮ್ಮೆ ಸರಿಸಿದ ಜಾಗ ಈಗಲೂ ವಸ್ತ್ರದ ಮೇಲೆ ಓದಬಹುದಾಗಿದೆ.

ಎಳೆ ಹರಿಯುವುದು ನಿತ್ಯದ ಸಂಗತಿ. ಹರಿದ ಎಳೆಗೆ ಒಂದು ತುಂಡು ನೂಲನ್ನು ಕಟ್ಟಿ, ಅದರದೇ ಅಣಿಯ ಕಣ್ಣಿನಿಂದ, ಅದರದೇ ಹಲ್ಲಿನ ಸಂದಿನಿಂದ ಈಚೆಗೆ ತಂದು, ನೇಯ್ದ ಬಟ್ಟೆಗೆ ಗುಂಡುಸೂಜಿ ಚುಚ್ಚಿ ಸುತ್ತಬೇಕು. ಪಕ್ಕದ ಸಂದಿನಿಂದ ತಂದರೆ ಅಲ್ಲಿ ಮೂರೆಳೆ, ಇಲ್ಲಿ ಒಂದೆಳೆ. ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಯಾವ ಕಣ್ಣು, ಯಾವ ಸಂದು ಎಂದು ಹೇಳುವವು ಮತ್ತೆ ಆ ಎರಡು ಕತ್ತರಿ ಕೋಲುಗಳೇ. ಎಲ್ಲಿ ಪದೇಪದೇ ಹರಿಯುತ್ತದೆಯೋ ಅಲ್ಲಿ ಗಂಜಿ ಸರಿಯಾಗಿ ತಾಗಿಲ್ಲ, ಇಲ್ಲವೇ ಹೂಡುವಾಗಲೇ ಬಿಗಿ ಹೆಚ್ಚಾಗಿತ್ತು. ಮಗ್ಗದ ಮೇಲೆ ಕೂತಾಗ ಕಾಡುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಗೋಡೆಯ ಗೂಟಗಳ ಮುಂದೆಯೋ ಬೀದಿಯಲ್ಲಿಯೋ ಹುಟ್ಟಿದವು, ಮಗ್ಗ ಅವುಗಳನ್ನು ತೋರಿಸಿಕೊಡುತ್ತದೆ ಅಷ್ಟೇ. ಹಾಸು ಚೆನ್ನಾಗಿದ್ದ ಭಾಗದಲ್ಲಿ ನನ್ನಂಥವಳೂ ಒಂದು ಮೊಳ ಬಟ್ಟೆಯನ್ನು ಅಡ್ಡಿಯಿಲ್ಲದೆ ನೇಯ್ದೆ. ಕೆಟ್ಟಿದ್ದ ಭಾಗದಲ್ಲಿ ಅಜ್ಜನೇ ಬಂದು ಕೂತರೂ ಲಾಳಿ ನಾಲ್ಕು ಸಲ ಓಡುವಷ್ಟರಲ್ಲಿ ನಿಲ್ಲಬೇಕಾಯಿತು.

ಪಕ್ಕದ ಮಗ್ಗದಲ್ಲಿ ನಡೆಯುತ್ತಿದ್ದ ಸೀರೆಯ ಕೆಲಸವನ್ನೂ ಬಿಡುವಾದಾಗ ನೋಡುತ್ತಿದ್ದೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಒಡಲಿನ ಹಾಸು ಹತ್ತಿಯದೋ ರೇಷ್ಮೆಯದೋ ಆಗಿದ್ದರೆ, ಸೆರಗಿನದು ಕೆಂಪು ಬಣ್ಣದ ರೇಷ್ಮೆ ಅಥವಾ ಕೃತಕ ರೇಷ್ಮೆ. ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯ ಕುಣಿಕೆಯನ್ನು ಸಿಕ್ಕಿಸಿ, ಎಳೆಗೆ ಎಳೆ ಕೂಡಿಸುತ್ತಾರೆ, ಇದೇ ಕೊಂಡಿ. ಕೆಂಪು ಸೆರಗಿನಲ್ಲಿ ತೋಪ ತೆಣಿ ಎಂಬ ಬಿಳಿಯ ವಿನ್ಯಾಸ ಮೂಡುವುದು ಇದಾದ ಮೇಲೆ. ದಡಿಯ ಬಣ್ಣ ಒಡಲಿಗಿಂತ ಬೇರೆಯಾದ್ದರಿಂದ ಎರಡು ದಡಿಗಳಿಗೆ ಎರಡು, ಒಡಲಿಗೆ ಒಂದು ಎಂದು ಮೂರು ಲಾಳಿಗಳು ಆಡುತ್ತವೆ. ಕೊಂಡಿ ಹಾಕುವವರೂ ಹೆಚ್ಚಾಗಿ ಮನೆಯ ಹೆಂಗಸರೇ. ಅಂಗಡಿಯಲ್ಲಿ ಇಳಕಲ್ ಎಂದು ಕೊಡುವ ಸೀರೆ ಕೈಮಗ್ಗದ್ದೇ ಎಂದು ತಿಳಿಯಬೇಕಾದವರು ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಬೆರಳಾಡಿಸಿ ನೋಡಬೇಕು. ಕೊಂಡಿಯಿದ್ದರೆ ಅಲ್ಲಿ ಅಗಲಕ್ಕೂ ಕುಣಿಕೆಗಳ ಸಾಲು ಸಿಗುತ್ತದೆ, ಉದ್ದನೆಯ ಎಳೆಗಳ ಬಣ್ಣ ಆ ಗೆರೆಯಲ್ಲೇ ಬದಲಾಗುತ್ತದೆ. ವಿದ್ಯುತ್ ಮಗ್ಗದ ಅಗ್ಗದ ಸೀರೆಗಳಲ್ಲಿ ಒಡಲಿನ ಎಳೆಗಳೇ ಸೆರಗಿನೊಳಕ್ಕೂ ಹರಿದುಹೋಗಿರುತ್ತವೆ.

ಕೂಲಿಯ ವಿಷಯವನ್ನು ಲೆಕ್ಕದವಳಾಗಿ ಒಂದು ಮಾತಿನಲ್ಲಿ ಹೇಳಬೇಕು. ಕೂಲಿ ಲೆಕ್ಕವಾಗುವುದು ಸೀರೆಗೆ ಇಷ್ಟು ಎಂದು. ನೂಲು ನೆನೆಸಿದ್ದು, ಕಂಡಿಕೆ ಸುತ್ತಿದ್ದು, ಕೆಚ್ಚಿದ್ದು, ಕೊಂಡಿ ಹಾಕಿದ್ದು ಎಲ್ಲವೂ ಅದರೊಳಗೇ ಬಂತು. ಬೇರೆಯಾಗಿ ಯಾರ ಹೆಸರಿಗೂ ಬರೆಯುವುದಿಲ್ಲ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ಸುಮಾರು 35.22 ಲಕ್ಷ ಕೈಮಗ್ಗ ಕೆಲಸಗಾರರನ್ನು ಲೆಕ್ಕಕ್ಕೆ ತೆಗೆದುಕೊಂಡಿತು, ಅವರಲ್ಲಿ ಶೇಕಡಾ 72ರಷ್ಟು ಹೆಂಗಸರು. ಆ ಮನೆಯಲ್ಲಿ ನೇಕಾರ ಯಾರು ಎಂದು ಕೇಳಿದರೆ ಅಜ್ಜಿಯೂ ಸೊಸೆಯೂ ಒಂದೇ ಉಸಿರಿಗೆ ಅಜ್ಜನ ಕಡೆ ಕೈ ತೋರಿಸುತ್ತಾರೆ. ನನ್ನ ಎಣಿಕೆಯ ಪ್ರಕಾರ ಆ ವಸ್ತ್ರಗಳ ಮೇಲೆ ಹೋದ ಹೊತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಲಾಳಿ ಮುಟ್ಟುವ ಮೊದಲೇ ಕಳೆದಿತ್ತು. ಯಂತ್ರದಲ್ಲಿ ಸುತ್ತಿದ ಹಾಸು ತಂದು, ಕೈ ಪಳಗಿದವರು ಕೆಚ್ಚಿದರೆ ಈ ಪಾಲು ಕಡಿಮೆಯಾಗುತ್ತದೆ ನಿಜ, ಇಲ್ಲವಾಗುವುದಿಲ್ಲ.

ಹಾಸಿನ ತುದಿ ಅಣಿಗಳ ಹತ್ತಿರ ಬಂದಾಗ ಇನ್ನು ನೇಯಲಾಗುವುದಿಲ್ಲ. ಹನ್ನೆರಡು ಮೀಟರಿನಲ್ಲಿ ಕೊನೆಗೆ ಉಳಿದದ್ದು, ಆರಂಭದಲ್ಲಿ ಕಟ್ಟಲು ಹೋದದ್ದು, ಎಳೆಗಳು ಬಳುಕಿ ಕೂತಾಗ ಕುಗ್ಗಿದ್ದು ಎಲ್ಲ ಕಳೆದು ಹತ್ತೂವರೆ ಮೀಟರಿನಷ್ಟು ಬಟ್ಟೆ ಬಂತು. ಕತ್ತರಿಸಿ ಬಿಸಿನೀರಿನಲ್ಲಿ ನೆನೆಸಿದಾಗ ಗಂಜಿ ಬಿಟ್ಟು ನೀರು ಬೆಳ್ಳಗಾಯಿತು. ಒಣಗಿದ ಮೇಲೆ ಬಟ್ಟೆ ಇನ್ನೂ ಕುಗ್ಗಿ, ಜಾಳಾಗಿದ್ದ ಕಡೆಗಳೂ ಒಂದಿಷ್ಟು ಮುಚ್ಚಿಕೊಂಡವು. ಅಜ್ಜ ಅದನ್ನು ಕಿಟಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಕೊನೆಯ ಎರಡು ವಸ್ತ್ರಗಳನ್ನು ಬೇರೆಯಿಟ್ಟು, "ಇವನ್ನ ಯಾರಿಗರೆ ಕೊಡಬಹುದು" ಎಂದರು. ಉಳಿದವನ್ನು ಅಜ್ಜಿ ರೊಟ್ಟಿ ಸುತ್ತಿಡಲು ಇಟ್ಟುಕೊಂಡರು.

ಈಗ ಎರಡನೆಯ ಹಾಸಿನ ಕೆಲಸ ನಡೆದಿದೆ. ಈ ಸಲ 40ನೇ ನಂಬರಿನ ನೂಲು, ಇಂಚಿಗೆ ಹೆಚ್ಚು ಹಲ್ಲುಗಳಿರುವ ಬೇರೆ ಹಣಿಗೆ, ಅಂಚಿಗೆ ನೀಲಿ ಎಳೆಗಳ ಒಂದು ಪಟ್ಟಿ. ಆ ಹಣಿಗೆಯಲ್ಲಿ ಹಳೆಯ ತುದಿಗಳು ಇಲ್ಲದ ಕಾರಣ ಕೆಚ್ಚುವಂತಿಲ್ಲ. ಪ್ರತಿ ಎಳೆಯನ್ನೂ ಅಣಿಯ ಕಣ್ಣಿಗೂ ಹಣಿಗೆಯ ಸಂದಿಗೂ ಹೊಸದಾಗಿಯೇ ಪೋಣಿಸಬೇಕು. ಸೊಸೆ ಹಿಂದಿನಿಂದ ಒಂದೊಂದೇ ಎಳೆಯನ್ನು ಆರಿಸಿ ಕೊಡುತ್ತಾಳೆ, ನಾನು ಮುಂದಿನಿಂದ ಕೊಕ್ಕೆಯಲ್ಲಿ ಎಳೆದುಕೊಳ್ಳುತ್ತೇನೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಗಿದೆ. ನೇಯ್ಗೆ ಇನ್ನೂ ಶುರುವಾಗಿಲ್ಲ.